ಕಚ್ಚಿಕೊಂಡ ಚಕ್ರ

"ಇನ್ನೊಂದೇ ಒದೆತ, ಅಪ್ಪಾ!" ಮಗಳು ಕೂಗಿದಳು. ನಟ್ಟುಗಳೆಲ್ಲ ಕಳಚಿ ಪಕ್ಕದಲ್ಲಿದ್ದರೂ ಪಂಕ್ಚರಾದ ಚಕ್ರ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ. ಇವತ್ತು ಮಗಳು ಮೊದಲ ಸಲ ಒಬ್ಬಳೇ ಕಾರಿನಲ್ಲಿ ಬೆಟ್ಟದ ದಾರಿ ಇಳಿಯುವವಳು. ಅಮ್ಮನಿಗೆ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಅಪ್ಪ ನೆಲದ ಮೇಲೆ ಕೂತು ಎರಡೂ ಕಾಲಿನಿಂದ ಒದ್ದ. ಢಬ್! ಚಕ್ರ ಕಳಚಿತು, ತುಕ್ಕು ಚಕ್ಕೆ ಚಕ್ಕೆಯಾಗಿ ಉದುರಿತು. ಮಗಳು ಕುಣಿದಳು. ಅಮ್ಮನೂ ತನಗರಿವಿಲ್ಲದೆ ಚಪ್ಪಾಳೆ ತಟ್ಟಿದಳು.

"ನೋಡಿದೆಯೇನೇ, ನಿನ್ನ ಗಂಡನ ಕಾಲಿನ ಬಲ? ಇನ್ನಾದರೂ ಮುಖ ಗಂಟು ಹಾಕ್ಕೋಬೇಡ. ಹೋದ ವಾರ ತಾನೇ ನಮ್ಮ ಗ್ಯಾರೇಜಿನವನು ನಾಲ್ಕೂ ಚಕ್ರ ಬಿಚ್ಚಿ ಹೊಸ ಬ್ರೇಕ್ ಹಾಕಿಕೊಟ್ಟಿದಾನೆ. ಬಂಗಾರದಂಥ ಮನುಷ್ಯ."

ನಗುತ್ತಿದ್ದ ಅವಳು ತಟ್ಟನೆ ಬಗ್ಗಿ ಒಂದು ಚೂರು ತುಕ್ಕು ಎತ್ತಿಕೊಂಡಳು. "ರೀ, ಹೋದ ವಾರ ಬಿಚ್ಚಿದ ಚಕ್ರ ಇಷ್ಟು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತೇನ್ರೀ?"

ಅವನು ಚಕ್ರದ ಹಿಂದಿನ ಬ್ರೇಕಿನೊಳಗೆ ಇಣುಕಿದ. ಪ್ಯಾಡು ಸವೆದು ಉಗುರಿನಷ್ಟು ತೆಳ್ಳಗಾಗಿತ್ತು. ಅವನು ಮಗಳ ಕೈಯಿಂದ ಕಾರಿನ ಕೀಲಿ ತೆಗೆದುಕೊಂಡ.

"ನೀನು ಬಸ್ಸಿಗೆ ಹೋಗು ಪುಟ್ಟಾ," ಎಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ. "ಚಪ್ಪಲಿ ಹಾಕ್ಕೊಳ್ಳೇ. ಗ್ಯಾರೇಜಲ್ಲಿ ನೀನೇ ಮಾತಾಡು."