ಅತ್ತೆ ತೊಡಿಸಿದ ಬಳೆ

ನಮ್ಮೂರಲ್ಲಿ ಮುಟ್ಟಿನ ಮೇಲೆ ಕಣ್ಣಿಡುವುದು ಕೈಯ ಬಳೆ. ಮುಟ್ಟು ಏರುಪೇರಾಗಿ ಅದು ಕೆಂಪಾದರೆ ಮಾತ್ರ ಆಸ್ಪತ್ರೆಯ ಬಾಗಿಲು ತೆರೆಯುತ್ತದೆ. ಮುಟ್ಟು ನಿಂತ ಅತ್ತೆ ಆ ಬಳೆಯನ್ನು ಸೊಸೆಗೆ ತೊಡಿಸಿ, ಆಸ್ಪತ್ರೆಯಲ್ಲಿ ಅದನ್ನು ಅವಳ ಹೆಸರಿಗೆ ಬರೆಸಿ, ಹೋಳಿಗೆ ಊಟ ಹಾಕಿಸುವುದು ಪದ್ಧತಿ. ನನ್ನತ್ತೆ ಗೌರವ್ವನೂ ನಾಲ್ಕು ವರ್ಷದ ಹಿಂದೆ ಹಾಗೇ ಮಾಡಿದ್ದರು.

ಈಗ ಅವರಿಗೆ ಮತ್ತೆ ರಕ್ತ ಹೋಗುತ್ತಿದೆ, ಹನ್ನೊಂದು ದಿನದಿಂದ. ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ ಡಾಕ್ಟರಿಗೆ ತೋರಿಸಬೇಕೆಂದು ಶಾಲೆಯಲ್ಲಿ ಕಲಿತವಳು ನಾನು. ನನ್ನ ಬಳೆ ಬಿಚ್ಚಿ ಅವರ ಕೈಗೆ ಹಾಕಿ ಆಸ್ಪತ್ರೆಗೆ ಕರೆತಂದೆ.

"ಶಶಿಕಲಾ, ಇಪ್ಪತ್ತಾರು ವರ್ಷ," ಎಂದಿತು ಬಳೆ ಓದಿದ ಬಾಗಿಲು. "ಸಹಜ ಮುಟ್ಟು. ಮನೆಗೆ ಹೋಗಿ."

"ಶಶಿಕಲಾ ನಾನು. ರಕ್ತ ನಮ್ಮತ್ತಿದು."

ಐದು ಸಲ ಹೇಳಿದೆ. ಐದು ಸಲವೂ ಬಾಗಿಲು ಅದನ್ನೇ ಹೇಳಿತು. ಅತ್ತೆ ಮೆಟ್ಟಿಲ ಮೇಲೆ ಕುಸಿದರು. ಸೀರೆಯ ಹಿಂಬದಿ ಪೂರ್ತಿ ನೆನೆದಿತ್ತು.

ನಮ್ಮಲ್ಲಿ ಹೆಂಗಸು ಸತ್ತಾಗ ಅವಳ ಹೆಸರಿನ ಈ ಬಳೆ ಒಡೆಯುತ್ತಾರೆ. ಆಗ ಹೆಣ ಒಯ್ಯಲು ಬಾಗಿಲು ತಾನಾಗಿಯೇ ತೆರೆಯುತ್ತದೆ. ಅವರ ಕೈಯಿಂದ ಬಳೆ ಬಿಚ್ಚಿ ಮೆಟ್ಟಿಲಿಗೆ ಕುಟ್ಟಿ ಒಡೆದೆ.

ಸ್ಟ್ರೆಚರ್ ತಳ್ಳಿಕೊಂಡು ನರ್ಸ್ ಹೊರಬಂದಳು. "ಶಶಿಕಲಾ ಹೆಣ ಎಲ್ಲೈತಿ?"

ಅತ್ತೆಯನ್ನು ಎತ್ತಿ ಅದರ ಮೇಲೆ ಮಲಗಿಸಿದೆ.

"ನಾ ಸತ್ತೀನಂತ ಬರ್ಕೋರಿ," ಎಂದೆ. "ಮೊದಲ ಇವ್ರನ್ನ ಒಳಗ ಕರ್ಕೊಂಡು ಹೋಗ್ರಿ."