ಅರ್ಧ ನಗು

"ಕಾಫಿಗೆ ಸ್ಟ್ರಾ ಯಾಕೋ ಮುದುಕಾ?" ಕೇಳಿದಳು ಮೇಕಪ್ಪಿನ ಲುಪೆ.

ಕನ್ನಡಿಯೆದುರು ಕೂತಿದ್ದ ವೆಂಡೆಲ್ ಇನ್ನೊಂದು ಗುಟುಕು ಹೀರಿದ. ಇಪ್ಪತ್ತೆರಡು ವರ್ಷಗಳಿಂದ ಅವನ ಮುಖಕ್ಕೆ ಬಣ್ಣ ಹಚ್ಚಿದವಳು ಅವಳೇ. ಸಿಡುಕು ಜಡ್ಜ್, ಕೊಳಾಯಿ ರಿಪೇರಿಯವ, ಪಾದ್ರಿ, ಕುಡುಕ ಪಶುವೈದ್ಯ, ಹೀಗೆ ಟೀವಿ ಧಾರಾವಾಹಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಸಣ್ಣ ಪಾತ್ರಗಳು. ಬೀದಿಯಲ್ಲಿ ಸಿಕ್ಕವರು 'ನಿಮ್ಮನ್ನೆಲ್ಲೋ ನೋಡಿದೀನಲ್ಲ' ಎನ್ನುತ್ತಿದ್ದರು. ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಒಂದು ಹುಬ್ಬು ಏರಿಸಿದರೆ ಸಾಕು, ಜನ ಬಿದ್ದು ಬಿದ್ದು ನಗುತ್ತಿದ್ದರು.

ಲುಪೆ ಅವನ ಗದ್ದ ಹಿಡಿದು ದೀಪದತ್ತ ತಿರುಗಿಸಿದಳು. "ನಗು, ನೋಡೋಣ."

ತುಟಿಯ ಬಲತುದಿ ಮೇಲೆದ್ದಿತು. ಎಡಗೆನ್ನೆ ಅಲ್ಲಾಡಲಿಲ್ಲ.

"ಅಯ್ಯೋ ದೇವರೇ! ಯಾವಾಗಿಂದ?"

"ಐದು ವಾರ ಆಯ್ತು. ಯಾವುದೋ ನರ ಊದಿಕೊಂಡಿದೆಯಂತೆ. ಸರಿಹೋಗಬಹುದು, ಹೋಗದೇನೂ ಇರಬಹುದು ಅಂದ ಡಾಕ್ಟರ್. ಯಾರಿಗೂ ಹೇಳ್ಬೇಡ ಲುಪೆ. ಈ ಬರ್ಬ್ಯಾಂಕ್ ಸ್ಟುಡಿಯೋಗಳಲ್ಲಿ ಅರ್ಧ ಮುಖಕ್ಕೆ ಯಾರು ಕೆಲಸ ಕೊಡ್ತಾರೆ?"

ಅವಳು ಎಡಗೆನ್ನೆಗೆ ಒಂದು ಪದರ ಹೆಚ್ಚು ಪೌಡರ್ ಹಚ್ಚಿ ಕಳಿಸಿದಳು.

ಅಂದಿನ ಪಾತ್ರ ಶವಪೆಟ್ಟಿಗೆ ಮಾರುವವನದು. ಗಂಡನನ್ನು ಕಳೆದುಕೊಂಡು ಬಂದ ಹೆಂಗಸಿಗೆ ಸಮಾಧಾನ ಹೇಳುತ್ತಲೇ ದುಬಾರಿ ಪೆಟ್ಟಿಗೆಯತ್ತ ನಡೆಸಬೇಕು. ಕ್ಯಾಮೆರಾ ಓಡತೊಡಗಿತು. ವೆಂಡೆಲ್ ಕೈಮುಗಿದ ಹಾಗೆ ಬೆರಳು ಹೆಣೆದುಕೊಂಡು, "ಒಂದು ಸಲ ನಮ್ಮಲ್ಲಿಗೆ ಬಂದೋರು ಬೇರೆ ಅಂಗಡಿಗೆ ಹೋಗೋದೇ ಇಲ್ಲಮ್ಮ" ಎಂದು ನಕ್ಕ. ಮುಖದ ಒಂದು ಕಡೆ ವ್ಯಾಪಾರ, ಇನ್ನೊಂದು ಕಡೆ ಸೂತಕ.

"ಕಟ್!"

ಸೆಟ್ಟಿನಲ್ಲಿ ಸದ್ದಿಲ್ಲ. ವೆಂಡೆಲ್ ತನ್ನ ಕಥೆ ಮುಗೀತು ಎಂದುಕೊಂಡ. ಅಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ, ಬಿಗಿಹಿಡಿದ ನಗು ತಡೆಯಲಾರದೆ ಯಾರೋ ಗೊಳ್ಳೆಂದು ನಕ್ಕರು. ಆಮೇಲೆ ದೀಪದವರು, ಧ್ವನಿಯವರು, ಕೊನೆಗೆ ಆ ವಿಧವೆಯ ವೇಷದವಳೂ.

ನಿರ್ದೇಶಕಿ ಇಮಾನಿ ಕಣ್ಣೊರೆಸಿಕೊಳ್ಳುತ್ತ ಬಂದಳು. ಅವನ ಮಗಳ ವಯಸ್ಸಿನವಳು. "ಆ ಅರ್ಧ ನಗು ಎಲ್ಲಿ ಕಲಿತ್ರಿ ವೆಂಡೆಲ್?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ದೂರದಲ್ಲಿ ಲುಪೆ ಪೌಡರ್ ಡಬ್ಬಿ ಹಿಡಿದು ನಿಂತಿದ್ದಳು.

"ಕಲಿತಿದ್ದಲ್ಲಮ್ಮ, ಕಾಯಿಲೆ" ಎಂದುಬಿಟ್ಟ. "ಮುಖದ ಎಡಗಡೆ ಅಲ್ಲಾಡೋದಿಲ್ಲ. ಮೊದಲೇ ಹೇಳ್ಬೇಕಿತ್ತು, ಹೆದರಿದೆ."

ಇಮಾನಿ ಅವನ ಮುಖವನ್ನೇ ನೋಡಿದಳು. "ನೋವಿದೆಯಾ?"

"ಇಲ್ಲ."

"ಹಾಗಾದ್ರೆ ಇನ್ನೂ ನಾಲ್ಕು ಕಂತಿಗೆ ನೀವು ಬೇಕು. ಈ ಅಂಗಡಿಯವನನ್ನ ಬಿಡೋಕಾಗಲ್ಲ."

ಐದು ವಾರದ ಹೆದರಿಕೆ ಇಳಿದು ವೆಂಡೆಲ್ ಪಕ್ಕದಲ್ಲಿದ್ದ ಪೆಟ್ಟಿಗೆಯ ಅಂಚಿಗೇ ಕುಸಿದು ಕೂತ. ಆಮೇಲೆ ತಟ್ಟನೆ ತಲೆಯೆತ್ತಿದ.

"ಅಷ್ಟರಲ್ಲಿ ವಾಸಿಯಾಗಿಬಿಟ್ರೆ?"

ಇಮಾನಿ ಹೊರಟವಳು ತಿರುಗಿ ನೋಡಿದಳು.

"ಆವಾಗ ನೀವು ನಟನೆ ಮಾಡ್ಬೇಕಾಗುತ್ತೆ, ಅಷ್ಟೆ."