ದಪ್ಪ ಮಾಡಿದ್ದು ಯಾರು?

ಇಮೇಲ್ ಬಂದರೆ ಅಕ್ಷರಗಳು ಅಕ್ಕನ ಮನೆಯ ಕಿಂಡಿಯಿಂದ ಮೊರಕ್ಕೆ ಅಕ್ಕಿಯ ಹಾಗೆ ಉದುರುತ್ತವೆ, ಎಲ್ಲರ ಮನೆಯಲ್ಲೂ ಹಾಗೇ. ನಾನು ಕಳಿಸಿದ ‘ತಪ್ಪಾಯ್ತಕ್ಕ’ ಮಾತ್ರ ದಪ್ಪಕ್ಷರದಲ್ಲಿ ಬಿದ್ದು, ಮೊರ ಹರಿದು, ಕೆಳಗಿದ್ದ ಉಪ್ಪಿನಕಾಯಿ ಜಾಡಿಯನ್ನೂ ಒಡೆದುಹಾಕಿತ್ತು.

ಗೃಹಪ್ರವೇಶದ ದಿನ ಭಾವನ ಹಾಡಿಗೆ ನಾನು ಎಲ್ಲರೆದುರು ನಕ್ಕಿದ್ದಕ್ಕೆ ಅಕ್ಕ ಮಾತು ಬಿಟ್ಟಿದ್ದಳು. ಕ್ಷಮೆ ಕೇಳಿದರೆ ಹೀಗಾಯಿತು! ಸುದ್ದಿ ಕೇಳಿ ಅಕ್ಕನ ಮನೆಗೆ ಓಡಿದೆ.

“ನಾನು ತೆಳ್ಳಗೇ ಬರ್ದಿದ್ದೆ ಕಣಕ್ಕ, ನಿನ್ನಾಣೆ!”

“ಮತ್ತೆ ದಪ್ಪ ಮಾಡಿದ್ಯಾರೋ ಪುಟ್ಲಿಂಗ, ನಮ್ ತಾತನಾ?”

ನನಗೆ ಮೈಯೆಲ್ಲ ಉರಿಯಿತು. “ಫೋನಿನವ್ರು ಮೇಲ್ ಕಂಪನಿ ಮಾಡಿದ್ದು ಅಂತಾರೆ. ಮೇಲ್ ಕಂಪನಿಯವ್ರು ನಿಮ್ಮನೆ ಕಿಂಡೀದೇ ತಪ್ಪು ಅಂತಾರೆ. ಕಳ್ಳನನ್ಮಕ್ಳು, ಒಬ್ನೂ ಒಪ್ಕೊಳ್ಳಲ್ಲ!”

ಅಕ್ಕ ನೆಲದ ಮೇಲಿದ್ದ ‘ತ’ವನ್ನು ಎರಡೂ ಕೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡಳು.

“ಹುಟ್ಟಿದಾಗಿಂದ ನೀನು ಇಷ್ಟು ಗಟ್ಟಿಯಾಗಿ ತಪ್ಪು ಒಪ್ಕೊಂಡಿರಲಿಲ್ಲ. ನೋಡಿ ಕಣ್ಣಲ್ಲಿ ನೀರು ಬಂತು. ಇದು ನಿಂದಲ್ಲ ಅಂದ್ರೆ ಬಿಡಪ್ಪ, ಆ ಕಂಪನಿಯವ್ರ ಹತ್ರಾನೇ ಮಾತಾಡ್ತೀನಿ.”

ನಾನು ಒಮ್ಮೆ ಕಿಂಡಿಯ ಕಡೆ ನೋಡಿದೆ.

“ನಾನೇ ಕಣಕ್ಕ, ಬೇಕಂತಲೇ ದಪ್ಪ ಮಾಡಿದ್ದು,” ಎಂದೆ. “ಕೆಳಗೆ ಗೆರೆನೂ ಎಳ್ದಿದ್ದೀನಿ. ಅದಿನ್ನೂ ಬಿದ್ದಿಲ್ಲ, ಸ್ವಲ್ಪ ಈಚೆ ಬಾ.”